ಅಲೆ ಬಂತು, ಮಾತು ಬರಲಿಲ್ಲ

ಟೀವಿ ಧಾರಾವಾಹಿಗಳ ವಿಮರ್ಶೆ ಓದುವಾಗಲೆಲ್ಲ ನನಗೊಂದು ಕೊರತೆ ಕಾಣುತ್ತದೆ. ಕಥೆ ಹೇಗಿತ್ತು, ನಟಿಯರು ಹೇಗೆ ಮಾಡಿದರು, ಎಷ್ಟು ಎಳೆದರು ಎಂದೆಲ್ಲ ಬರೆದಿರುತ್ತಾರೆ. ಆದರೆ ಆ ಧಾರಾವಾಹಿ ಯಾವ ಊರಿಗೆ ಬಂತು, ಯಾವ ಊರಿಗೆ ಬರಲಿಲ್ಲ, ಬಂದ ಊರಿನ ಹೆಂಗಸರು ಅದನ್ನು ಯಾವ ಮಾತಿನಲ್ಲಿ ತಿಳಿದುಕೊಂಡರು ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಈ ಪ್ರಶ್ನೆ ಹುಟ್ಟುವುದೂ ಇಲ್ಲ. ಗುಂಡಿ ಒತ್ತಿದರೆ ಚಿತ್ರ ಬರುತ್ತದೆ, ಬಂದದ್ದು ತಮ್ಮದೇ ಮಾತಿನಲ್ಲಿರುತ್ತದೆ. ಗಡಿಯಲ್ಲಿ ಬಾಳಿದ ನಮ್ಮಂಥವರಿಗೆ ಹಾಗಲ್ಲ. ನಮ್ಮ ಕಡೆ ಧಾರಾವಾಹಿಯ ವಿಮರ್ಶೆ ಮಾಳಿಗೆಯ ಮೇಲಿನ ಆಂಟೆನಾದಿಂದಲೇ ಶುರುವಾಗಬೇಕು.

ನಾನು ಹುಟ್ಟಿದ್ದು ಧಾರವಾಡದಲ್ಲಿ. ಸೊಸೆಯಾಗಿ ಬಂದದ್ದು ಅನಂತಪುರಕ್ಕೆ. ಅನಂತಪುರ ಎಂದ ಕೂಡಲೇ ಆಂಧ್ರ ಎಂದುಕೊಳ್ಳಬೇಡಿ. ಇದು ಬೆಳಗಾವಿ ಜಿಲ್ಲೆಯ ಅಥಣಿ ಸೀಮೆಯ ಊರು. ಪಡುವಣಕ್ಕೆ ಹೋದರೆ ಮಿರಜ್, ಸಾಂಗಲಿ, ಬಡಗಣಕ್ಕೆ ಜತ್ತ. ಎಲ್ಲ ಮಹಾರಾಷ್ಟ್ರದವು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ನಕಾಶೆಯ ಮೇಲೆ ಗೆರೆ ಬಿತ್ತು. ಆದರೆ ದೊಡ್ಡ ಬೇನೆಯಾದರೆ ಮಿರಜಿನ ದವಾಖಾನೆಗೆ ಹೋಗುವುದು, ಆಚೆ ಹೆಣ್ಣು ಕೊಡುವುದು, ಆಚೆಯಿಂದ ತರುವುದು ನಿಲ್ಲಲಿಲ್ಲ. ಈಚೆ ನಮ್ಮ ಕನ್ನಡದೊಳಗೆ ಮರಾಠಿ ಬೆರೆತಿದ್ದರೆ, ಆಚೆ ಜತ್ತ ತಾಲೂಕಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ನನ್ನ ನಾದಿನಿಯನ್ನು ಅಂಥದೇ ಒಂದು ಹಳ್ಳಿಗೆ ಕೊಟ್ಟಿದ್ದರು. ಅವಳ ಮಾತು ಮುಂದೆ ಬರುತ್ತದೆ.

ಮೊದಲು ಅಲೆಯ ಸಂಗತಿ ಸ್ವಲ್ಪ ಹೇಳಿಬಿಡುತ್ತೇನೆ. ಅದನ್ನು ತಿಳಿದುಕೊಳ್ಳದೆ ಮುಂದಿನದು ತಿಳಿಯುವುದಿಲ್ಲ. ರೇಡಿಯೋದ ಮೀಡಿಯಂ ವೇವ್ ನೆಲಕ್ಕೆ ಅಂಟಿಕೊಂಡು, ದಿಬ್ಬ ತಗ್ಗು ದಾಟಿ, ನೂರಾರು ಕಿಲೋಮೀಟರು ಸಾಗಿ ಬರುತ್ತದೆ. ಟೀವಿಯ ಅಲೆಗೆ ಆ ಗುಣವಿಲ್ಲ. ಅದು ಬಹುಮಟ್ಟಿಗೆ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ. ಭೂಮಿ ದುಂಡಗಿರುವುದರಿಂದ ಗೋಪುರದ ಎತ್ತರ, ಯಂತ್ರದ ಶಕ್ತಿ ಎಷ್ಟೋ ಅಷ್ಟು ದೂರವೇ ಅದರ ಆಟ. ದೂರದರ್ಶನದವರು ಸಣ್ಣ ಊರುಗಳಲ್ಲಿ ನಿಲ್ಲಿಸಿದ್ದು ಹೆಚ್ಚಾಗಿ 100 ವಾಟಿನ ಮರುಪ್ರಸಾರ ಯಂತ್ರಗಳನ್ನು. ನಮ್ಮ ಬಚ್ಚಲಮನೆಯ ಒಂದು ಹಳೆಯ ದೊಡ್ಡ ಬಲ್ಬಿನಷ್ಟು ಶಕ್ತಿ! ಸುತ್ತಮುತ್ತಲ ಹದಿನೈದು ಇಪ್ಪತ್ತು ಕಿಲೋಮೀಟರಿನವರಿಗೆ ಚಿತ್ರ ಸ್ವಚ್ಛ ಬರುತ್ತಿತ್ತು. ಅದಕ್ಕಿಂತ ಆಚೆಯವರು ಎತ್ತರದ ಪೈಪು ನಿಲ್ಲಿಸಿ, ಬೂಸ್ಟರು ಕೂಡಿಸಿ, ದೇವರಿಗೆ ಕೈ ಮುಗಿಯಬೇಕು. ಆಂಟೆನಾದ ಅಡ್ಡ ಕಡ್ಡಿಗಳು ಯಾವ ದಿಕ್ಕಿಗೆ ಮುಖ ಮಾಡಿರುತ್ತವೆಯೋ ಆ ದಿಕ್ಕಿನ ಅಲೆಯನ್ನೇ ಚೆನ್ನಾಗಿ ಹಿಡಿಯುತ್ತವೆ. ಎರಡು ರಾಜ್ಯಗಳ ಅಲೆಗಳ ಅಂಚಿನಲ್ಲಿದ್ದ ನಮ್ಮ ಮನೆಯಲ್ಲಿ ಪೈಪನ್ನು ಪಡುವಣಕ್ಕೆ ತಿರುಗಿಸಿದರೆ ಮರಾಠಿ ಬರುತ್ತಿತ್ತು, ಈಚೆ ತಿರುಗಿಸಿದರೆ ಕನ್ನಡ. ಎರಡೂ ಪೂರ್ತಿ ಬಂದ ದಿನ ನನಗೆ ನೆನಪಿಲ್ಲ.

ಮೈದುನ ಮೇಲೆ ಹತ್ತಿ ಪೈಪು ತಿರುಗಿಸುವವನು, ನಾನು ಒಳಗೆ ನಿಂತು ಕೂಗಿ ಹೇಳುವವಳು.

“ವೈನೀ, ಬಂತೇನ್ರಿ?”

“ಮಾರಿ ಬಂತಪಾ, ಮಾತು ಬರವಲ್ದು.”

“ಇನ್ನೊಂದೀಟು ತಿರುವ್ಲೇನು?”

ಅಷ್ಟರಲ್ಲಿ ಜೋಳ ಹಸನು ಮಾಡುತ್ತ ಕೂತ ನಮ್ಮ ಅತ್ತೆ ಮೊರ ಕೆಳಗಿಡದೆ ಹೇಳುವರು: “ಸಾಕ್ ಇಳಿಯೋ, ಮಾರಿ ನೋಡೇ ತಿಳ್ಕೋತೇವಿ. ಅವರ ಮಾತ್ ತಗೊಂಡ್ ಏನ್ ಮಾಡೂದೈತಿ!”

ಅತ್ತೆಯ ಈ ಮಾತಿಗೆ ಮನೆಯವರೆಲ್ಲ ನಗುತ್ತಿದ್ದೆವು. ಆದರೆ ದೂರದರ್ಶನದ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ಮಾತಿನ ಈ ತೊಡಕು ಟೀವಿಯವರಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ನಮ್ಮ ನೆರೆಯ ಜಿಲ್ಲೆ ಆಗಿನ ವಿಜಾಪುರ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷದ ಮಟ್ಟಿಗೆ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಕಡ ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ತೋರಿಸಿದರು. ‘ಸೈಟ್’ ಎಂದು ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಬಡಿಯುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಛತ್ರಿ, ಊರಿಗೆಲ್ಲ ಕೂಡಿ ಒಂದು ಟೀವಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕನ್ನಡದ ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನಲ್ಲಿ, ತೆಲುಗಿನ ಜೊತೆಗೆ. ಈ ಪ್ರಯೋಗದಲ್ಲಿ ನನಗೆ ದೊಡ್ಡದೆನಿಸುವ ಸಂಗತಿ ಒಂದಿದೆ. ಒಂದು ಚಿತ್ರದ ಸಂಗಡ ಎರಡು ಧ್ವನಿ ಕಳಿಸುವ ಅನುಕೂಲವನ್ನು ಅದರಲ್ಲಿ ಮಾಡಿಕೊಂಡಿದ್ದರು. ಕಾಣುವುದು ಒಂದೇ ಆದರೂ ಕೇಳುವ ಮಾತು ಊರಿಗೆ ತಕ್ಕಂತೆ ಬೇರೆ ಇರಬಹುದು ಎಂಬ ವಿಚಾರ ಅವರಿಗೆ ಆ ಕಾಲಕ್ಕೇ ಹೊಳೆದಿತ್ತು.

ವರ್ಷ ಮುಗಿಯಿತು, ಉಪಗ್ರಹ ಹಿಂದಕ್ಕೆ ಹೋಯಿತು. 1977ರಲ್ಲಿ ಗುಲ್ಬರ್ಗಾಕ್ಕೆ, 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಬಂತು. ನಮ್ಮದೇ ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಮೇಲೇರಿದ ಮೇಲೆ, 1984ರಲ್ಲಿ ದೇಶದ ತುಂಬ ಗೋಪುರಗಳು ಎದ್ದವು. ದಿನಕ್ಕೊಂದು ಗೋಪುರ ಎಂದು ಸರಕಾರ ಹೆಮ್ಮೆಪಟ್ಟುಕೊಂಡ ಕಾಲ ಅದು. ಆದರೆ ಆ ಸಣ್ಣ ಗೋಪುರಗಳಲ್ಲಿ ಸ್ವಂತದ್ದು ತಯಾರಿಸುವ ಸ್ಟುಡಿಯೋ ಇರಲಿಲ್ಲ. ದಿಲ್ಲಿಯಿಂದ ಉಪಗ್ರಹದ ಮೂಲಕ ಬಂದದ್ದನ್ನು ಹಿಡಿದು ಸುತ್ತ ಚೆಲ್ಲುವುದಷ್ಟೇ ಅವುಗಳ ಕೆಲಸ. 1984ರ ಜುಲೈಯಲ್ಲಿ ಶುರುವಾದ ‘ಹಮ್ ಲೋಗ್’ ಹಿಂದಿಯಲ್ಲಿ ಬಂತು. 1987ರಲ್ಲಿ ‘ರಾಮಾಯಣ’ವೂ ಹಿಂದಿಯಲ್ಲೇ. ರಾಮಾಯಣಕ್ಕೆ ಊರೆಲ್ಲ ಮುಗಿಬಿದ್ದಿತು ಎಂದು ಎಲ್ಲರೂ ಬರೆದರು. ಏಕೆ ಎಂಬುದಕ್ಕೆ ಭಕ್ತಿ ಒಂದೇ ಕಾರಣವಲ್ಲ. ಆ ಕಥೆಗೆ ಮಾತೇ ಬೇಕಿರಲಿಲ್ಲ. ಸೀತೆ ಅಳುವುದು ಏಕೆ, ಮಂಥರೆ ಕಿವಿ ಊದುವುದು ಏನನ್ನು ಎಂದು ಯಾವ ಅಜ್ಜಿಗೂ ಹೇಳಿಕೊಡಬೇಕಾಗಿರಲಿಲ್ಲ. ‘ಹಮ್ ಲೋಗ್’ನ ಬಸೇಸರ್ ರಾಮನ ಮನೆಯ ಕಷ್ಟ ಮಾತ್ರ ಮಾತು ತಿಳಿದವರಿಗಷ್ಟೇ ತಿಳಿಯುವಂಥದು. ಅದು ನಮ್ಮ ಓಣಿಯ ಹೆಂಗಸರಿಗೆ ಮುಟ್ಟಲಿಲ್ಲ. ಆ ಮನೆಯ ಕಷ್ಟ ಅವರದೇ ಕಷ್ಟದಂತಿತ್ತು ಎನ್ನುವುದೇ ಬೇಸರದ ಸಂಗತಿ. ‘ಮಾಲ್ಗುಡಿ ಡೇಸ್’ ನೆನಪಿಸಿಕೊಳ್ಳಿ. ನಿರ್ದೇಶಕರು ನಮ್ಮ ಶಂಕರ್ ನಾಗ್, ಊರು ನಮ್ಮ ಆಗುಂಬೆ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ. ಎಲ್ಲ ನಮ್ಮವರೇ, ನಮ್ಮ ಮನೆಗೆ ಬರುವಾಗ ಮಾತ್ರ ಹಿಂದಿ.

ತೊಂಬತ್ತರ ದಶಕದ ಕೊನೆಗೆ ನಮ್ಮ ಮನೆಯಲ್ಲಿ ಪೈಪಿನ ಸಲುವಾಗಿ ನಿಜವಾದ ಜಗಳ ಶುರುವಾಯಿತು. ಮರಾಠಿಯಲ್ಲಿ ‘ದಾಮಿನಿ’, ಕನ್ನಡದಲ್ಲಿ ‘ಮಾಯಾಮೃಗ’. ಎರಡೂ ದೂರದರ್ಶನದ್ದೇ, ಎರಡಕ್ಕೂ ಕೇಬಲ್ ಬೇಕಿರಲಿಲ್ಲ. ದಾಮಿನಿ ಪತ್ರಿಕೆಯಲ್ಲಿ ಕೆಲಸ ಮಾಡುವ ಹೆಣ್ಣು. ಆ ಪಾತ್ರ ಮಾಡಿದವರು ಪ್ರತೀಕ್ಷಾ ಲೋಣಕರ. ಅನ್ಯಾಯ ಕಂಡರೆ ಹಿಂಜರಿಯದ ಸ್ವಭಾವ. ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಕೂಡಿ ನಿರ್ದೇಶಿಸಿದ ‘ಮಾಯಾಮೃಗ’ 1998ರಲ್ಲಿ ಬಂತು. ಅದರಲ್ಲಿ ಮಾಳವಿಕಾ ವಕೀಲೆ. ಇಬ್ಬರೂ ಮನೆಯ ಹೊಸಿಲು ದಾಟಿ ಕೆಲಸಕ್ಕೆ ಹೋಗುವವರು, ಗಂಡಸರಿಗೆ ಎದುರು ನಿಂತು ಪ್ರಶ್ನೆ ಕೇಳುವವರು. ಟೀವಿಯಲ್ಲಿ ಇಂಥ ಹೆಂಗಸರನ್ನು ದಿನಾ ನೋಡುವುದೇ ನಮಗೆ ಹೊಸದು. ಮುಂದೆ ಬಂದ ಅತ್ತೆ-ಸೊಸೆ ಧಾರಾವಾಹಿಗಳ ಭಾರೀ ಸೀರೆ, ಹಣೆಯ ಮೇಲೆ ಹಾವಿನಂಥ ಕುಂಕುಮ ಇವನ್ನೆಲ್ಲ ನೋಡಿದ ಮೇಲೆ, ಆ ಇಬ್ಬರು ಎಷ್ಟು ದೊಡ್ಡವರಾಗಿದ್ದರು ಎಂದು ಈಗ ಅನಿಸುತ್ತದೆ.

‘ಮಾಯಾಮೃಗ’ದ ದೊಡ್ಡ ಗುಣ ಎಂದರೆ ಅದರಲ್ಲಿ ಜನ ಕೂತು ಮಾತಾಡುತ್ತಿದ್ದರು. ದುಡ್ಡಿನ ಚಿಂತೆ, ಮಗಳ ಮದುವೆಯ ಚಿಂತೆ, ಮನಸ್ಸಿನೊಳಗಿನ ಅಂಜಿಕೆ ಎಲ್ಲವೂ ಮಾತಿನಲ್ಲೇ ಬಿಚ್ಚಿಕೊಳ್ಳುತ್ತಿದ್ದವು. ಕೆಟ್ಟವರೂ ಪೂರ್ತಿ ಕೆಟ್ಟವರಲ್ಲ, ಒಳ್ಳೆಯವರೂ ಪೂರ್ತಿ ಒಳ್ಳೆಯವರಲ್ಲ. ನಾನು ಅದನ್ನು ಮೈಮರೆತು ನೋಡುತ್ತಿದ್ದೆ. ಆದರೆ ನನ್ನ ಪಕ್ಕದಲ್ಲಿ ಕೂತ ಅತ್ತೆಗೆ ಅದೇ ದೊಡ್ಡ ಗುಣ ದೊಡ್ಡ ಗೋಡೆಯಾಗಿತ್ತು. ಅದು ಬೆಂಗಳೂರು-ಮೈಸೂರು ಕಡೆಯ ಓದಿದವರ ಕನ್ನಡ. ಟೀವಿಯಲ್ಲಿ ಒಬ್ಬಾಕೆ ಇನ್ನೊಬ್ಬಾಕೆಗೆ “ತಿಂಡಿ ಆಯ್ತಾ?” ಎಂದು ಕೇಳಿದರೆ ಅತ್ತೆ ಬೆರಗಾಗಿ ನನ್ನ ಮುಖ ನೋಡುವರು. ನಮ್ಮ ಕಡೆ ತಿಂಡಿ ಎಂದರೆ ಮೈ ತುರಿಕೆ. ಮುಂಜಾನೆ ತಿನ್ನುವುದು ನಾಷ್ಟಾ. “ಮಂದಿ ಮುಂದ ಹಿಂಗೆಲ್ಲಾ ಕೇಳ್ತಾರೇನವಾ?” ಎನ್ನುವರು. ಒಂದೊಂದು ಶಬ್ದದ್ದು ನಗೆಯ ಮಾತಾಯಿತು. ಆದರೆ ವಾಕ್ಯದ ಓಟ, ಅದರ ರಾಗ, ಅರ್ಧಕ್ಕೆ ನಿಲ್ಲಿಸಿ ಬಿಟ್ಟ ಮಾತಿನ ಉಳಿದರ್ಧ ಇವು ತಿಳಿಯದಿದ್ದರೆ ಅಂಥ ಧಾರಾವಾಹಿಯಲ್ಲಿ ಉಳಿಯುವುದೇನು? ಮಾರಿ ಮಾತ್ರ.

‘ದಾಮಿನಿ’ ಅವರಿಗೆ ಇದಕ್ಕಿಂತ ಸಲೀಸಾಗಿ ತಿಳಿಯುತ್ತಿತ್ತು. ಇದನ್ನು ಬರೆದರೆ ಕೆಲವರಿಗೆ ಸಿಟ್ಟು ಬಂದೀತು. ಗಡಿಯ ಹೆಂಗಸು ಕನ್ನಡ ಬಿಟ್ಟು ಮರಾಠಿ ಧಾರಾವಾಹಿ ನೋಡಿದಳೆಂದರೆ ಅಭಿಮಾನ ಸಾಲದು ಎಂದು ಭಾಷಣ ಮಾಡುವವರು ನಮ್ಮಲ್ಲಿ ಬಹಳ. ಅತ್ತೆಯದು ಮಿರಜಿನ ಪೇಟೆಯಲ್ಲಿ, ದವಾಖಾನೆಯ ಸಾಲಿನಲ್ಲಿ ಕಲಿತ ಮರಾಠಿ. ದಾಮಿನಿಯ ಮರಾಠಿ ಪುಣೆ-ಮುಂಬಯಿಯದು. ಅದೂ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ಅದರ ಮೇಲೆ ಅವರಿಗೆ ಬೇಸರವಿರಲಿಲ್ಲ. ನಾನೊಮ್ಮೆ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: “ಅದು ಮಂದಿ ಮಾತು, ಒಂದೀಟು ತಿಳೀಲಿಕ್ರೂ ನಡೀತೈತಿ. ಇದು ನಮ್ಮ ಮಾತು ಅಂತಾರ, ಮತ್ತ ನಮಗs ತಿಳಿಯೂದಿಲ್ಲ.”

ಅವರ ನೋವು ಇದ್ದದ್ದು ಇಲ್ಲಿ. ನಮ್ಮ ಮಾತು ಟೀವಿಯಲ್ಲಿ ಬರಲೇ ಇಲ್ಲವೆಂದಲ್ಲ, ಬರುತ್ತಿತ್ತು. ಬಹಳ ಸಲ ಮನೆಗೆಲಸದವಳ ಬಾಯಲ್ಲಿ, ನಗಿಸಲೆಂದೇ ತಂದ ಪಾತ್ರದ ಬಾಯಲ್ಲಿ ಬರುತ್ತಿತ್ತು. “ಏನಲೇ, ಯಾಕಲೇ” ಎಂದು ಒದರಿಸಿದರೆ ಉತ್ತರ ಕರ್ನಾಟಕ ಆಯಿತು ಎಂದುಕೊಳ್ಳುವವರು ಬರೆದ ಮಾತು ಅದು. ವಕೀಲೆ ನಮ್ಮ ಮಾತಿನಲ್ಲಿ ವಾದ ಮಾಡಿದ್ದು, ಡಾಕ್ಟರಮ್ಮ ನಮ್ಮ ಮಾತಿನಲ್ಲಿ ಧೈರ್ಯ ಹೇಳಿದ್ದು ನಮ್ಮ ಮನೆಯ ಟೀವಿಯಲ್ಲಿ ನಾನು ಕಾಣಲಿಲ್ಲ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ವಕೀಲರು, ಡಾಕ್ಟರರು ಮನೆಯಲ್ಲೂ ಪೇಟೆಯಲ್ಲೂ ಯಾವ ಮಾತಾಡುತ್ತಾರೆಂದು ನಿಮಗೆ ಗೊತ್ತು. ಮಾತಿಗೆ ಬುದ್ಧಿ ಕಡಿಮೆ ಎಂದು ಟೀವಿ ದಿನಾ ಹೇಳುತ್ತಿದ್ದರೆ ಆ ಮಾತಾಡುವ ಹೆಣ್ಣುಮಗಳು ಬೆಂಗಳೂರಿನ ಕಾಲೇಜಿಗೆ ಹೋದಾಗ ಬಾಯಿ ಬಿಡಲು ಹಿಂಜರಿಯುತ್ತಾಳೆ. ಇದು ಧಾರಾವಾಹಿ ನೋಡಿ ಮರೆತುಬಿಡುವಂಥ ಸಂಗತಿಯಲ್ಲ.

ಇನ್ನು ನಾದಿನಿಯ ಮಾತು. ಅವಳ ಹಳ್ಳಿಯಲ್ಲಿ ಬರುತ್ತಿದ್ದದ್ದು ಮರಾಠಿ ಒಂದೇ. ಕನ್ನಡದ ಅಲೆ ಅಲ್ಲಿಗೆ ಎಟುಕುತ್ತಿರಲಿಲ್ಲ. ನಮ್ಮಲ್ಲಿ ನಾನು ಹಟ ಹಿಡಿದು ಪೈಪನ್ನು ಕನ್ನಡದ ಕಡೆಗೆ ಕಟ್ಟಿಸಿದ್ದೆ. ನಾಗರ ಪಂಚಮಿಗೆ ಅವಳು ತವರಿಗೆ ಬಂದಳೆಂದರೆ ತಂಬಿಟ್ಟಿನ ಉಂಡಿ ಕಟ್ಟುತ್ತ ಎರಡು ಧಾರಾವಾಹಿಗಳ ಲೇವಾದೇವಿ ನಡೆಯುತ್ತಿತ್ತು. ಅವಳು ‘ದಾಮಿನಿ’ ಹೇಳುವಳು, ನಾನು ‘ಮಾಯಾಮೃಗ’ ಹೇಳುವೆ. ನನ್ನದು ಧಾರವಾಡದ ಶಾಲೆಯ ಕನ್ನಡ. ಹೇಳಿದರೆ ವರದಿ ಓದಿದ ಹಾಗೆ. ಅವಳು ಹೇಳುವುದೇ ಬೇರೆ. ದಾಮಿನಿ ಅವಳ ಬಾಯಲ್ಲಿ ಅಥಣಿಯ ಕನ್ನಡ ಮಾತಾಡುವಳು, ಸಾಹೇಬನಿಗೆ “ಏನ್ ಮಾಡ್ತಿ ಮಾಡ್ಕೋ ಹೋಗ್” ಎನ್ನುವಳು. ನಾನು ಹೇಳಿದ ‘ಮಾಯಾಮೃಗ’ವನ್ನೂ ಅವಳು ಮರುದಿನ ಓಣಿಯ ಹೆಂಗಸರಿಗೆ ತಿರುಗಿ ಹೇಳುವಳು. ನೋಡದೆ ಹೇಳಿದ ಆ ಕಥೆಯನ್ನು ಅತ್ತೆ ಬಾಯಿ ತೆರೆದು ಕೇಳುವರು. ದಿನಾ ಟೀವಿಯ ಮುಂದೆ ಕೂತು ತಿಳಿಯದಿದ್ದದ್ದು ಮಗಳ ಬಾಯಿಂದ ತಿಳಿಯುತ್ತಿತ್ತು. ಎಪ್ಪತ್ತೈದರಲ್ಲಿ ಉಪಗ್ರಹಕ್ಕೆ ಕೂಡಿಸಿದ್ದ ಆ ಎರಡನೆಯ ಧ್ವನಿಯ ಕೆಲಸವನ್ನು ನಮ್ಮಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳು ಮಾಡುತ್ತಿದ್ದರು. ಎಷ್ಟೋ ಊರುಗಳಲ್ಲಿ ಹೀಗೇ ನಡೆದಿರಬೇಕು. ಯಾವ ಸಮೀಕ್ಷೆಯವರು ಇದನ್ನು ಲೆಕ್ಕ ಹಾಕುತ್ತಾರೆ?

ನಮ್ಮ ಮಾತನ್ನು ಮರ್ಯಾದೆಯಿಂದ ನಡೆಸಿಕೊಂಡ ಧಾರಾವಾಹಿ ಬರಲೇ ಇಲ್ಲವೇ ಎಂದು ನೀವು ಕೇಳಬಹುದು. ಬಂತು. ವೈಶಾಲಿ ಕಾಸರವಳ್ಳಿಯವರು ನಿರ್ದೇಶಿಸಿದ ‘ಮೂಡಲ ಮನೆ’. ಉತ್ತರ ಕರ್ನಾಟಕದ ದೊಡ್ಡ ಮನೆತನದ ಕಥೆ, ಮಾತೂ ಇಲ್ಲಿಯದೇ. ಅದರ ಹಿರಿಯರು ಈ ಮಾತಿನಲ್ಲಿ ನ್ಯಾಯ ಹೇಳುತ್ತಿದ್ದರು, ಹೆಂಗಸರು ಈ ಮಾತಿನಲ್ಲಿ ದುಃಖ ಹೇಳಿಕೊಳ್ಳುತ್ತಿದ್ದರು. ಯಾರನ್ನೂ ನಗಿಸಲು ಅಲ್ಲ. ಕಲಾವಿದೆಯಾಗಿ ಹೆಸರಾದ ವೈಶಾಲಿಯವರು ಬಾಯಿಮಾತಿನ ಬೆಲೆ ಬಲ್ಲವರು. ಬೇಕಾದರೆ ಒಂದು ತಕರಾರು ತೆಗೆಯಬಹುದು: ಮಾತು ನಮ್ಮದಾದರೂ ಮನೆ ದೊಡ್ಡವರದು, ಜೋಳ ಕೊಯ್ಯಲು ಹೋಗುವವಳ ಮನೆಯಲ್ಲ. ಇರಲಿ. ನನ್ನ ದೊಡ್ಡ ತಕರಾರು ಧಾರಾವಾಹಿಯ ಮೇಲಲ್ಲ. ಅದು ಬಂದದ್ದು ಈಟೀವಿ ಕನ್ನಡದಲ್ಲಿ. 2000ದ ಡಿಸೆಂಬರಿನಲ್ಲಿ ಹುಟ್ಟಿದ ಆ ವಾಹಿನಿ, 1994ರ ಉದಯ ಟೀವಿಯ ಹಾಗೆ, ಉಪಗ್ರಹದಿಂದ ಕೇಬಲ್ಲಿನವರಿಗೆ, ಕೇಬಲ್ಲಿನಿಂದ ಮನೆಗೆ ಬರುವಂಥದು. ಮಾಳಿಗೆಯ ಮೇಲಿನ ಕಡ್ಡಿ ಆಂಟೆನಾಕ್ಕೆ ಅದು ಸಿಗುವುದಿಲ್ಲ. ಅಥಣಿಯ ಬೀಗರ ಮನೆಗೆ ಹೋದಾಗ ನಾನು ಅದನ್ನು ನೋಡಿದೆ. ಅತ್ತೆ ಬಂದಿರಲಿಲ್ಲ, ಎಮ್ಮೆ ಬಿಟ್ಟು ಬರಲಾರರು. ಪುಕ್ಕಟೆ ಬಂದ ಅಲೆ ಬೆಂಗಳೂರಿನ ಮಾತಾಡಿತು. ನಮ್ಮ ಮಾತಾಡಿದ ಧಾರಾವಾಹಿ ದುಡ್ಡು ಕೊಟ್ಟು ತಂತಿ ಎಳೆಸಿದವರ ಮನೆಗಷ್ಟೇ ಹೋಯಿತು.

ಆಮೇಲೆ ಡಿಜಿಟಲ್ ಕಾಲ ಬಂತು. 2004ರ ಡಿಸೆಂಬರಿನಲ್ಲಿ ದೂರದರ್ಶನವೇ ಮನೆಮನೆಗೆ ನೇರ ಉಪಗ್ರಹ ಸೇವೆ ಶುರುಮಾಡಿತು. ಈಗ ಅದಕ್ಕೆ ಡಿಡಿ ಫ್ರೀ ಡಿಶ್ ಎನ್ನುತ್ತಾರೆ. ಒಮ್ಮೆ ಛತ್ರಿ, ಪೆಟ್ಟಿಗೆ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಗೋಪುರದಿಂದಲೂ ಡಿಜಿಟಲ್ ಪ್ರಸಾರ ಮಾಡಬಹುದು. ಹಳೆಯ ಒಂದು ಚಾನೆಲ್ಲಿನ ಜಾಗದಲ್ಲಿ ಹಲವು ಚಾನೆಲ್ ಹಿಡಿಸಬಹುದು, ಬಯಲಲ್ಲಿ ಸಣ್ಣ ಆಂಟೆನಾದಿಂದಲೇ ನೋಡಬಹುದು. 2016ರಲ್ಲಿ ದೂರದರ್ಶನ ಅದನ್ನು 16 ನಗರಗಳಲ್ಲಿ ಶುರುಮಾಡಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು. ಮುಂದೆ 2021ರಲ್ಲಿ ಪ್ರಸಾರ ಭಾರತಿ, ಆಯಕಟ್ಟಿನ ಸುಮಾರು 50 ಜಾಗಗಳನ್ನು ಬಿಟ್ಟು, ದೇಶದ ಉಳಿದ ಹಳೆಯ ಅನಲಾಗ್ ಗೋಪುರಗಳನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ನೋಡುವವರು ಕಡಿಮೆ, ವಿದ್ಯುತ್ತಿನ ಖರ್ಚು ಹೆಚ್ಚು, ಅಲೆಯ ಜಾಗ ಬೇರೆ ಕೆಲಸಕ್ಕೆ ಬೇಕು. ಈ ಕಾರಣಗಳು ಸುಳ್ಳಲ್ಲ. ಹಳೆಯದನ್ನು ಕಳೆದುಕೊಂಡೆವು ಎಂದು ನಾನು ಅಳುವವಳೂ ಅಲ್ಲ. ಗಾಳಿಗೆ ಪೈಪು ಬಿದ್ದು ಹಂಚು ಒಡೆದದ್ದು, ಮಳೆಯಲ್ಲಿ ಮೈದುನ ಜಾರಿ ಕಾಲು ಮುರಿಸಿಕೊಂಡದ್ದು ನೆನಪಿದ್ದವರು ಯಾರೂ ಆ ಕಾಲಕ್ಕೆ ಹಂಬಲಿಸುವುದಿಲ್ಲ.

ಡಿಜಿಟಲ್ಲಿನ ಒಂದು ಗುಣವನ್ನು ಮಾತ್ರ ತಿಳಿದಿರಬೇಕು. ಹಳೆಯ ಅಲೆ ಸೊರಗಿದರೆ ಚಿತ್ರವೂ ಸೊರಗುತ್ತಿತ್ತು. ಮೊರದಲ್ಲಿ ಹೊಟ್ಟು ಹಾರಿದಂತೆ ಪರದೆಯ ತುಂಬ ಚುಕ್ಕಿಗಳು ಹಾರುತ್ತಿದ್ದವು, ಧ್ವನಿ ಗೊರಗುಟ್ಟುತ್ತಿತ್ತು. ಆದರೂ ಏನೋ ಒಂದು ಇರುತ್ತಿತ್ತು. ಅರ್ಧ ಕಂಡದ್ದನ್ನು ಉಳಿದರ್ಧ ಊಹಿಸಿಕೊಂಡು ನೋಡುತ್ತಿದ್ದೆವು. ಡಿಜಿಟಲ್ಲಿನಲ್ಲಿ ಚಿತ್ರ, ಧ್ವನಿ ಎಲ್ಲ ಅಂಕೆಗಳಾಗಿ ಬರುತ್ತವೆ. ಸಣ್ಣಪುಟ್ಟ ತಪ್ಪುಗಳನ್ನು ಪೆಟ್ಟಿಗೆಯೇ ತಿದ್ದಿಕೊಳ್ಳುತ್ತದೆ. ಆದರೆ ಅಲೆ ಒಂದು ಮಟ್ಟಕ್ಕಿಂತ ಕೆಳಗಿಳಿಯಿತೋ, ತಿದ್ದಲು ಆಗದೆ ಚಿತ್ರ ಚೌಕಳಿ ಚೌಕಳಿಯಾಗಿ ನಿಂತು ಪೂರ್ತಿ ಹೋಗಿಬಿಡುತ್ತದೆ. ಛತ್ರಿಗೆ ಬರುವ ಅಲೆಯನ್ನು ಜೋರು ಮಳೆಯ ಹನಿಗಳು ಹೀರುವುದರಿಂದ ಮಳೆಗಾಲದಲ್ಲಿ ಇದನ್ನು ನೀವೂ ಕಂಡಿರುತ್ತೀರಿ. ಬಂದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ. ಆ ಅರೆಬರೆ ಅಲೆಯ ಅಂಚಿನಲ್ಲಿ ಎರಡು ಭಾಷೆ ನೋಡಿ ಬದುಕಿದ ನಮ್ಮಂಥ ಊರುಗಳು ಈ ಲೆಕ್ಕದಲ್ಲಿ ಇಲ್ಲ.

ಅಂಚು ಹೋಯಿತು, ಗಡಿ ಮಾತ್ರ ಹೋಗಲಿಲ್ಲ. 2019ರ ಫೆಬ್ರವರಿಯಿಂದ ಹೊಸ ನಿಯಮ ಬಂತು: ಮೊದಲ 100 ಚಾನೆಲ್ಲಿಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಬೇಕಾದ್ದಕ್ಕೆ ಬೇರೆ ದುಡ್ಡು. ನಮಗೆ ಬೇಕಾದ್ದನ್ನು ನಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಎಂದರು. ಮನೆಯಲ್ಲಿ ಆರಿಸುವವರು ಯಾರು? ಕೇಬಲ್ಲಿನ ಹುಡುಗ ತಂದ ಕಾಗದಕ್ಕೆ ಗಂಡಸರು ನಿಂತಲ್ಲೇ ಸಹಿ ಹಾಕಿದರು. ಕನ್ನಡದ ಪ್ಯಾಕು, ಹಿಂದಿಯ ಪ್ಯಾಕು, ಕ್ರಿಕೆಟ್ಟು. ಎಂಬತ್ತು ದಾಟಿದ ಅತ್ತೆ ರಾತ್ರಿ ನೋಡುತ್ತಿದ್ದ ಮರಾಠಿ ಧಾರಾವಾಹಿ ಮರುದಿನದಿಂದ ಬಂದಾಯಿತು. ನಮ್ಮ ಹಳೆಯ ಪೈಪು ಗಡಿ ನೋಡುತ್ತಿರಲಿಲ್ಲ; ಪ್ಯಾಕಿನ ಪಟ್ಟಿ ಮಾಡಿದವರು ರಾಜ್ಯ ನೋಡಿಯೇ ಮಾಡಿದ್ದರು. “ಎಂಬತ್ತು ಕೊಟ್ರ ಬರೂದನ್ನ ಕೇಳಾಕ ನಾಚಿಕಿ ಬರ್ತೈತವಾ” ಎಂದು ಅತ್ತೆ ಸುಮ್ಮನಾದರು. ನನಗೆ ಗೊತ್ತಾಗಿ ಅದನ್ನು ಮತ್ತೆ ಹಾಕಿಸುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ತಮ್ಮ ಹೆಸರಿಗೆ ಕೇಬಲ್ಲೂ ಇಲ್ಲ, ಕೈಯಲ್ಲಿ ಮೊಬೈಲೂ ಇಲ್ಲದ ಹೆಂಗಸರಿಗೆ ಈ ಸ್ವಾತಂತ್ರ್ಯ ಹೇಗೆ ಕಂಡೀತು ಎಂದು ಪೇಟೆಯ ನಾವು ಯೋಚಿಸುವುದು ಕಡಿಮೆ.

ಈಗ ಚಿಕ್ಕೋಡಿಯ ಮನೆಯಲ್ಲಿ ನನಗೆ ನೂರಾರು ಚಾನೆಲ್ಲುಗಳಿವೆ. ಚಿತ್ರ ಕನ್ನಡಿಯಂತೆ ಬರುತ್ತದೆ. ಫ್ರೀ ಡಿಶ್ಶಿನಲ್ಲಿ ಹಿಂದಿಯದೇ ಮೇಲುಗೈ. ನಮ್ಮ ಚಂದನವೂ ಇದೆ, ಮರಾಠಿಯ ಸಹ್ಯಾದ್ರಿಯೂ ಇದೆ. ಅಲೆಯ ಮಟ್ಟಿಗೆ ಹೇಳುವುದಾದರೆ ಇಂದು ಅನಂತಪುರಕ್ಕೂ ಬೆಂಗಳೂರಿಗೂ ಭೇದವಿಲ್ಲ. ಮಾತಿನ ಮಟ್ಟಿಗೆ 1998ರಲ್ಲಿ ಎಲ್ಲಿದ್ದೆವೋ ಹೆಚ್ಚುಕಡಿಮೆ ಅಲ್ಲೇ ಇದ್ದೇವೆ. ಹಿಂದೆ ನಮ್ಮ ಮಾತು ಬಾರದ್ದಕ್ಕೆ ಗೋಪುರ ದೂರ, ಯಂತ್ರಕ್ಕೆ ಶಕ್ತಿ ಸಾಲದು ಎಂಬ ನೆಪವಾದರೂ ಇತ್ತು. ಡಿಜಿಟಲ್ ಬಂದು ಆ ನೆಪವನ್ನು ತೆಗೆದುಹಾಕಿದೆ. ಒಂದು ಚಿತ್ರಕ್ಕೆ ಎರಡಲ್ಲ, ನಾಲ್ಕು ಧ್ವನಿ ಕೂಡಿಸುವುದೂ ಇಂದು ದೊಡ್ಡ ವಿದ್ಯೆಯಲ್ಲ. ಆದರೆ ನಾನು ಕೇಳುವುದು ಡಬ್ಬಿಂಗ್ ಅಲ್ಲ, ಇಲ್ಲಿಯವರು ಇಲ್ಲಿಯ ಮಾತಿನಲ್ಲಿ ಕಟ್ಟಿದ ಕಥೆ.

ಅದು ಆಗದ ಮಾತೇನಲ್ಲ. 1950ರ ಜನವರಿ 8ರಂದು ಶುರುವಾದ ಧಾರವಾಡದ ಆಕಾಶವಾಣಿ ಇದನ್ನು ಮಾಡಿ ತೋರಿಸಿದೆ. ಅದರ ರೈತರ ಮಾತುಕತೆ, ಹೆಂಗಸರ ಕಾರ್ಯಕ್ರಮ, ನಾಟಕ ಎಲ್ಲ ಕೇಳಿ ನಾವು ಬೆಳೆದೆವು. ಅಲ್ಲಿ ನಮ್ಮ ಮಾತು ಬಂದರೆ ಯಾರೂ ನಗುತ್ತಿರಲಿಲ್ಲ. ಬಿತ್ತನೆಯ ಮಾತು, ಬಾಣಂತನದ ಮಾತು ಎಲ್ಲ ಅದರಲ್ಲೇ ನಡೆಯುತ್ತಿತ್ತು. ಟೀವಿಗೆ ಕರ್ನಾಟಕದಲ್ಲಿ ಬೆಂಗಳೂರು, ಕಲಬುರ್ಗಿ ಎರಡು ಕಡೆ ಕೇಂದ್ರಗಳಾದವು. ಧಾರವಾಡ-ಬೆಳಗಾವಿಯ ಸೀಮೆಗೆ ಕಾರ್ಯಕ್ರಮ ತಯಾರಿಸುವ ಕೇಂದ್ರ ಬರಲಿಲ್ಲ. ಕಂಪನಿ ನಾಟಕಗಳ ಕಲಾವಿದರು, ಪಾರಿಜಾತದ ಮೇಳದವರು, ಹಾಡುವ ಹೆಣ್ಣುಮಕ್ಕಳು, ಬರೆಯುವವರು ಎಲ್ಲ ಇರುವ ಸೀಮೆ ಇದು. ವಾರಕ್ಕೊಂದು ತಾಸು ಇಲ್ಲಿ ತಯಾರಾದದ್ದನ್ನು ರಾಜ್ಯಕ್ಕೆಲ್ಲ ತೋರಿಸಿದರೆ ಬೆಂಗಳೂರಿನವರಿಗೆ ಒಂದೆರಡು ಶಬ್ದ ತಿಳಿಯಲಿಕ್ಕಿಲ್ಲ. ಪಕ್ಕದವರನ್ನು ಕೇಳಿಕೊಂಡು ನೋಡಲಿ. ನಮ್ಮ ಅತ್ತೆ ಮೂವತ್ತು ವರ್ಷ ಹಾಗೇ ನೋಡಿದರು.

ಪ್ರಸಾರ ಎಷ್ಟು ಜನರನ್ನು ಮುಟ್ಟಿದೆ ಎಂದು ಸರಕಾರದ ವರದಿಗಳು ನೂರಕ್ಕೆ ಇಷ್ಟು ಎಂದು ಬರೆಯುತ್ತಾ ಬಂದಿವೆ. ಅಲೆ ಬಿದ್ದ ಮನೆಯನ್ನೆಲ್ಲ ಅವರು ಮುಟ್ಟಿದ ಮನೆ ಎಂದು ಹಿಡಿಯುತ್ತಾರೆ. ಧಾರಾವಾಹಿಗಳ ಬಗ್ಗೆ ಬರೆಯುವ ನಮ್ಮ ವಿಮರ್ಶಕರೂ ಆ ಲೆಕ್ಕವನ್ನೇ ನಂಬಿದ್ದಾರೆ. ಇನ್ನು ಮುಂದೆ ಒಂದು ಧಾರಾವಾಹಿಯ ಬಗ್ಗೆ ಬರೆಯುವ ಮೊದಲು ಅಥಣಿಯ ಕಡೆಗೋ ಜತ್ತದ ಕಡೆಗೋ ಒಮ್ಮೆ ಬಂದು, ನೋಡಿದ ಮುದುಕಿಯೊಬ್ಬಳ ಬಾಯಿಂದ ಅದರ ಕಥೆ ಹೇಳಿಸಿಕೊಂಡು ಹೋಗಲಿ. ಅವಳು ಎಷ್ಟು ಹೇಳುತ್ತಾಳೋ ಅಷ್ಟೇ ಅದು ಮುಟ್ಟಿದ್ದು.